ಲಾಂಗ್ ಜರ್ಮ್, ಶಾರ್ಟ್ ಜರ್ಮ್: ಕೀಟಗಳ ಭ್ರೂಣ ಬೆಳೆಯುವ ಬಗೆ

ಕೀಟದ ಮೊಟ್ಟೆಯೊಳಗೆ ಮೊದಲು ಜೀವಕೋಶಗಳ ಒಂದು ಪಟ್ಟಿ ಮೂಡುತ್ತದೆ. ಇದೇ ಜರ್ಮ್ ಬ್ಯಾಂಡ್, ಅಂದರೆ ಭ್ರೂಣಪಟ್ಟಿ. ತಲೆ, ಎದೆ, ಹೊಟ್ಟೆಯ ಖಂಡಗಳೆಲ್ಲ ಇದರಿಂದಲೇ ಆಗುತ್ತವೆ. ಆದರೆ ಶುರುವಿನಲ್ಲೇ ಎಷ್ಟು ಖಂಡಗಳ ಜಾಗ ಗೊತ್ತಾಗಿರುತ್ತದೆ? ಇದು ಕೀಟದಿಂದ ಕೀಟಕ್ಕೆ ಬೇರೆ. ಜರ್ಮನಿಯ ಜೀವವಿಜ್ಞಾನಿ ಗೆರ್ಹಾರ್ಡ್ ಕ್ರೌಸೆ 1939ರಲ್ಲೇ ಇದನ್ನು ನೋಡಿ ಲಾಂಗ್ (ಶುರುವಿನಲ್ಲೇ ಹೆಚ್ಚುಕಡಿಮೆ ಎಲ್ಲ ಖಂಡ), ಶಾರ್ಟ್ (ಮುಂದಿನವಷ್ಟೇ), ನಡುವಿನದು ಎಂದು ವಿಂಗಡಿಸಿದರು.

ಹಣ್ಣಿನ ನೊಣ ಡ್ರೊಸೊಫಿಲಾ ಲಾಂಗ್ ಜರ್ಮ್. ಅದರ ಮೊಟ್ಟೆಯಲ್ಲಿ ಮೊದಲು ನ್ಯೂಕ್ಲಿಯಸ್‌ಗಳು ಮಾತ್ರ ಒಡೆದು ಹೆಚ್ಚುತ್ತವೆ, ನಡುವೆ ಕೋಶದ ಪೊರೆಯೇ ಇರುವುದಿಲ್ಲ. 13 ಸುತ್ತು ಮುಗಿಯುವಾಗ ಸುಮಾರು 6000 ನ್ಯೂಕ್ಲಿಯಸ್‌ಗಳು ಮೊಟ್ಟೆಯ ಅಂಚಿನಲ್ಲಿ ಸೇರಿರುತ್ತವೆ. ಆಮೇಲೆ ಪೊರೆ ಏಳುತ್ತದೆ. ಮೊಟ್ಟೆ ಇಟ್ಟು ಮೂರು ಗಂಟೆಯಷ್ಟರಲ್ಲಿ ಇಡೀ ದೇಹದ ನಕ್ಷೆ ಸಿದ್ಧ, ಖಂಡಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಗೊತ್ತಾಗುತ್ತವೆ! ತಾಯಿ ಮೊಟ್ಟೆಯ ಮುಂತುದಿಯಲ್ಲಿ ಇಟ್ಟ ಬೈಕಾಯ್ಡ್ ಎಂಬ ಜೀನಿನ ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಬೇಕಾದ ಸೂಚನೆ) ಇದಕ್ಕೆ ದಾರಿ ತೋರಿಸುತ್ತದೆ. ಅದರಿಂದಾದ ಪ್ರೋಟೀನ್ ಮುಂದೆ ಜಾಸ್ತಿ, ಹಿಂದಕ್ಕೆ ಹೋದಂತೆ ಕಮ್ಮಿ. ಎಲ್ಲಿ ತಲೆ ಆಗಬೇಕು ಎನ್ನುವುದು ಆ ಪ್ರಮಾಣದಿಂದ ತೀರ್ಮಾನವಾಗುತ್ತದೆ.

ಮಿಡತೆ ಮತ್ತು ಹಿಟ್ಟಿನಲ್ಲಿ ಸೇರುವ ಕೆಂಪು ದುಂಬಿ ಟ್ರೈಬೋಲಿಯಂ ಶಾರ್ಟ್ ಜರ್ಮ್. ಇವುಗಳ ಪಟ್ಟಿಯಲ್ಲಿ ಮೊದಲು ಮುಂಭಾಗದ ಖಂಡಗಳಷ್ಟೇ ಗೊತ್ತಾಗಿರುತ್ತವೆ. ಹೊಟ್ಟೆಯ ಖಂಡಗಳು ಹಿಂತುದಿಯ ಬೆಳವಣಿಗೆ ವಲಯದಿಂದ ಒಂದಾದ ಮೇಲೊಂದು ಸೇರಿಕೊಳ್ಳುತ್ತವೆ. ಟ್ರೈಬೋಲಿಯಂನಲ್ಲಿ ಈ ಕೆಲಸಕ್ಕೆ ಗಡಿಯಾರದಂಥ ಲಯವೇ ಇದೆ: ಕೆಲವು ಜೀನುಗಳು ಹಿಂತುದಿಯಲ್ಲಿ ಮತ್ತೆಮತ್ತೆ ಚುರುಕಾಗಿ, ಮತ್ತೆ ಸುಮ್ಮನಾಗುತ್ತವೆ. 2012ರಲ್ಲಿ ಇದು ಖಚಿತವಾಯಿತು. ಬೆನ್ನೆಲುಬಿರುವ ಪ್ರಾಣಿಗಳ ಭ್ರೂಣದಲ್ಲೂ ಇಂಥದೇ ಲಯ ಇದೆ, ನನಗಂತೂ ಇದೇ ಎಲ್ಲಕ್ಕಿಂತ ಬೆರಗಿನ ವಿಷಯ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸುಲಭವಾಗಿ ಬರುತ್ತದೆ. ಪಾಠದಲ್ಲಿ ಜಾಸ್ತಿ ಸಿಗುವುದು ನೊಣವೇ ಅಲ್ವಾ, ಹಾಗಾಗಿ ಅದೇ ಎಲ್ಲ ಕೀಟಗಳ ಮೂಲ ಮಾದರಿ ಎನಿಸುತ್ತದೆ. ಆದರೆ ಶಾರ್ಟ್ ಜರ್ಮ್ ಹಳೆಯದು. ಲಾಂಗ್ ಜರ್ಮ್ ನಂತರ ಬಂದದ್ದು, ಅದೂ ಒಂದಕ್ಕಿಂತ ಹೆಚ್ಚು ಸಲ. ಜೇನುನೊಣವೂ ಲಾಂಗ್ ಜರ್ಮ್, ಆದರೆ ಅದರಲ್ಲಿ ಬೈಕಾಯ್ಡ್ ಇಲ್ಲ. ನಸೋನಿಯಾ ಎಂಬ ಪರಾವಲಂಬಿ ಕಣಜದಲ್ಲೂ ಇಲ್ಲ. ಅಲ್ಲಿ ತಲೆಯ ಕಡೆ ಗುರುತಿಸುವ ಕೆಲಸದಲ್ಲಿ ಮುಖ್ಯ ಪಾಲು ಆರ್ಥೊಡೆಂಟಿಕಲ್ ಎಂಬ ಬೇರೆ ಜೀನಿನದು.