ಸಾವಿರ ಅಶ್ವಶಕ್ತಿ ದಾಟಿದ ಮೇಲೆ ಮಸಲ್ ಕಾರುಗಳ ಎಂಜಿನ್ ಎತ್ತ?

ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಿಂದ 2023ರ ಡಿಸೆಂಬರ್‌ನಲ್ಲಿ ಕೊನೆಯ ಡಾಡ್ಜ್ ಚಾಲೆಂಜರ್ ಹೊರಬಂತು. ಶೆವರ್ಲೆ ಕ್ಯಾಮರೊ 2024ರ ಮಾಡೆಲ್‌ನೊಂದಿಗೆ ನಿಂತಿತು. 1960ರ ದಶಕದ ಕೊನೆಯಿಂದ ಒಂದನ್ನೊಂದು ಮೀರಿಸಲು ಹಟಕ್ಕೆ ಬಿದ್ದಿದ್ದ ಮೂರು ಅಮೆರಿಕನ್ ಮಸಲ್ ಕಾರುಗಳಲ್ಲಿ (ಸಾಮಾನ್ಯ ಕಾರಿನ ಮೈಗೆ ಭಾರಿ ಎಂಜಿನ್ ತುಂಬಿದವು) ವಿ8, ಅಂದರೆ V ಆಕಾರದಲ್ಲಿ ಎಂಟು ಸಿಲಿಂಡರ್‌ಗಳಿರುವ ಎಂಜಿನ್ ಹೊತ್ತು ಕಣದಲ್ಲಿ ಉಳಿದದ್ದು ಫೋರ್ಡ್ ಮಸ್ಟ್ಯಾಂಗ್ ಒಂದೇ. ಆದರೂ ಅಭಿಮಾನಿಗಳ ಲೆಕ್ಕಾಚಾರ ನಿಂತಿಲ್ಲ. ಮಸ್ಟ್ಯಾಂಗ್‌ಗೆ ಮುಂದೆ ಯಾವ ಎಂಜಿನ್ ಬರುತ್ತದೆ, ಕ್ಯಾಮರೊ ಮರಳಿ ಬಂದರೆ ಯಾವುದನ್ನು ಹೊತ್ತು ಬರುತ್ತದೆ, ಡಾಡ್ಜ್ ಮತ್ತೆ ವಿ8ಗೆ ಕೈಹಾಕುತ್ತದೆಯೇ ಎಂಬ ಮಾತು ದಿನವೂ ನಡೆದೇ ಇದೆ.

ಕಂಪನಿಗಳ ಒಳಗುಟ್ಟು ಗೊತ್ತಿಲ್ಲದೆಯೂ ಈ ಊಹೆಯನ್ನು ಬಹಳ ದೂರ ಒಯ್ಯಬಹುದು. ಏಕೆಂದರೆ ಭೌತಶಾಸ್ತ್ರ ತೆರೆದಿಟ್ಟಿರುವ ದಾರಿಗಳು ಕೆಲವೇ. ಎಂಜಿನ್ ಎಷ್ಟು ಗಾಳಿ ಕುಡಿಯಬಲ್ಲದು, ಹುಟ್ಟಿದ ಬಿಸಿಯನ್ನು ಎಷ್ಟು ಬೇಗ ಹೊರಹಾಕಬಲ್ಲದು, ಟಯರ್ ಎಷ್ಟನ್ನು ರಸ್ತೆಗೆ ಇಳಿಸಬಲ್ಲದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನನ್ನ ಪ್ರಕಾರ ಮುಂದಿನ ಸುತ್ತಿನ ಪೈಪೋಟಿ ತೀರ್ಮಾನವಾಗುವುದು ಲೀಟರ್‌ಗಳಲ್ಲಿ ಅಲ್ಲ, ಬಿಸಿಯ ನಿರ್ವಹಣೆಯಲ್ಲಿ.

ಮೊದಲು ಗಾಳಿಯ ಲೆಕ್ಕ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. ಮಸ್ಟ್ಯಾಂಗ್‌ನ ಬಲಿಷ್ಠ ಆವೃತ್ತಿಯಾದ ಶೆಲ್ಬಿ ಜಿಟಿ500 ಕಾರಿನ 5.2 ಲೀಟರ್ ಎಂಜಿನ್ ನಿಮಿಷಕ್ಕೆ 7,000 ಸುತ್ತು ಹಾಕುವಾಗ ಸೆಕೆಂಡಿಗೆ ಸುಮಾರು 300 ಲೀಟರ್ ಗಾಳಿ ಅದರ ಹೊಟ್ಟೆ ಸೇರುತ್ತದೆ. ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಕಷ್ಟವಿಲ್ಲ. ಆದರೆ ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹಾಗಾಗಿ ಶಕ್ತಿ ಹೆಚ್ಚಿಸುವುದೆಂದರೆ ಒಳಗೆ ಹೋಗುವ ಆಮ್ಲಜನಕವನ್ನು ಹೆಚ್ಚಿಸುವುದು, ಅಷ್ಟೇ. ಅದಕ್ಕೆ ಮೂರು ದಾರಿಗಳಿವೆ: ಎಂಜಿನ್ ದೊಡ್ಡದು ಮಾಡು, ಹೆಚ್ಚು ವೇಗವಾಗಿ ತಿರುಗಿಸು, ಇಲ್ಲವೇ ಗಾಳಿಯನ್ನು ಒತ್ತಿ ತುಂಬು.

ಮೊದಲನೆಯ ದಾರಿಯನ್ನು ಅಮೆರಿಕ ಐವತ್ತು ವರ್ಷದ ಹಿಂದೆಯೇ ಕೊನೆ ಮುಟ್ಟಿಸಿತ್ತು. 1970ರ ಶೆವರ್ಲೆ ಶೆವೆಲ್‌ನ 7.4 ಲೀಟರ್ ಎಂಜಿನ್‌ಗೆ 450 ಅಶ್ವಶಕ್ತಿ ಎಂದು ಬರೆದಿದ್ದರು. ಅದೂ ಫ್ಯಾನು, ಸೈಲೆನ್ಸರ್ ಮುಂತಾದವನ್ನು ಕಳಚಿಟ್ಟು ಅಳೆಯುವ ಅಂದಿನ ಪದ್ಧತಿಯಲ್ಲಿ. ಇಂದಿನ ಮಸ್ಟ್ಯಾಂಗ್ ಜಿಟಿಯ 5 ಲೀಟರ್ ಎಂಜಿನ್ ಎಲ್ಲವನ್ನೂ ಹೊತ್ತುಕೊಂಡೇ 480 ಕೊಡುತ್ತದೆ. ಮಾಲಿನ್ಯ ನಿಯಮಗಳು, 1973ರ ತೈಲ ಬಿಕ್ಕಟ್ಟು ಎರಡೂ ಸೇರಿ ದೊಡ್ಡ ಎಂಜಿನ್‌ಗಳ ಕಾಲ ಮುಗಿಸಿದವು. 1974ರ ಮಸ್ಟ್ಯಾಂಗ್‌ನಲ್ಲಂತೂ ವಿ8 ಎಂಜಿನ್ನೇ ಇರಲಿಲ್ಲ. ಮಸಲ್ ಕಾರು ಸತ್ತೇಹೋಯಿತು ಎಂದು ಅಂದೂ ಎಲ್ಲರೂ ಹೇಳಿದ್ದರು.

ಎರಡನೆಯ ದಾರಿ ವೇಗದ ಸುತ್ತು. ಇದರ ಅತ್ಯಂತ ಸೊಗಸಾದ ಉದಾಹರಣೆ 2015ರಲ್ಲಿ ಬಂದ ಶೆಲ್ಬಿ ಜಿಟಿ350. ಸಾಮಾನ್ಯ ಅಮೆರಿಕನ್ ವಿ8 ಎಂಜಿನ್‌ನ ಕ್ರ್ಯಾಂಕ್‌ನಲ್ಲಿ (ಪಿಸ್ಟನ್‌ಗಳ ಏರಿಳಿತವನ್ನು ಸುತ್ತಾಟವಾಗಿ ಬದಲಿಸುವ ದಂಡ) ಪಿಸ್ಟನ್ ದಂಡಗಳು ಹಿಡಿದಿರುವ ತಿರುವುಗಳು ಒಂದಕ್ಕೊಂದು 90 ಡಿಗ್ರಿಯಲ್ಲಿರುತ್ತವೆ. ತುದಿಯಿಂದ ನೋಡಿದರೆ ಕೂಡಿಸುವ ಚಿಹ್ನೆಯಂತೆ ಕಾಣುತ್ತದೆ. ಇದರಿಂದ ಒಂದೇ ಬದಿಯ ನಾಲ್ಕು ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿಯುವುದಿಲ್ಲ. ಆ ಏರುಪೇರೇ ನಮಗೆ ಕೇಳಿಸುವ ಗುಡುಗುಡು ಸದ್ದು. ಜಿಟಿ350ರಲ್ಲಿ ಫೋರ್ಡ್ ಆ ತಿರುವುಗಳನ್ನು 180 ಡಿಗ್ರಿಗೆ, ಒಂದೇ ಸಮತಲಕ್ಕೆ ತಂದಿತು. ಉರಿಯುವ ಸರದಿ ಎಡ, ಬಲ, ಎಡ, ಬಲ ಎಂದು ತಪ್ಪದೆ ನಡೆಯತೊಡಗಿತು. ಹೊಗೆಯ ಅಲೆಗಳು ಸಮ ಅಂತರದಲ್ಲಿ ಹೊರಟವು, ಒಂದರ ಬೆನ್ನಿಗಿರುವ ಕಡಿಮೆ ಒತ್ತಡ ಮುಂದಿನ ಸಿಲಿಂಡರ್‌ನ ಹೊಗೆಯನ್ನು ಎಳೆದುಕೊಂಡಿತು. ಕ್ರ್ಯಾಂಕ್‌ಗೆ ಭಾರದ ಎದುರುತೂಕವೂ ಬೇಕಾಗಲಿಲ್ಲ. ಎಂಜಿನ್ 8,250 ಸುತ್ತಿನವರೆಗೆ ಏರಿ, ಯಾವ ಒತ್ತುಗಾಳಿಯ ನೆರವೂ ಇಲ್ಲದೆ 526 ಅಶ್ವಶಕ್ತಿ ಕೊಟ್ಟಿತು. ಬೆಲೆ ತೆತ್ತದ್ದು ನಡುಕದಲ್ಲಿ. ಈ ಬಗೆಯ ಕ್ರ್ಯಾಂಕ್ ಸುತ್ತಿಗೆ ಎರಡು ಸಲದಂತೆ ಎಂಜಿನ್ನನ್ನು ಅಡ್ಡಡ್ಡ ಅಲುಗಿಸುತ್ತದೆ. 8,000 ಸುತ್ತಿನಲ್ಲಿ ಅದು ಸೆಕೆಂಡಿಗೆ 267 ಸಲದ ಅಲುಗಾಟ. ಅದೇ ವಂಶದ ಜಿಟಿ500 ಎಂಜಿನ್ 2020ರಲ್ಲಿ ಬಂದಾಗ, ಮೇಲೆ ಸೂಪರ್‌ಚಾರ್ಜರ್ (ಎಂಜಿನ್ನೇ ತಿರುಗಿಸುವ, ಗಾಳಿ ಒತ್ತುವ ಪಂಪು) ಕೂರಿಸಬೇಕಿದ್ದ ಕಾರಣ ಫೋರ್ಡ್ ಮತ್ತೆ ಹಳೆಯ 90 ಡಿಗ್ರಿ ಕ್ರ್ಯಾಂಕ್‌ಗೇ ಮರಳಿತು.

ಹೀಗೆ ಎಲ್ಲರೂ ಬಂದು ನಿಂತದ್ದು ಮೂರನೆಯ ದಾರಿಯಲ್ಲಿ, ಗಾಳಿ ಒತ್ತುವುದರಲ್ಲಿ. ಅಲ್ಲಿಂದಲೇ ಬಿಸಿಯ ಕಾಟ ಶುರು.

ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಅದರ ಬುಡ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಸೂಪರ್‌ಚಾರ್ಜರ್‌ನಲ್ಲೂ ನಡೆಯುವುದು ಅದೇ, ಪ್ರಮಾಣ ಮಾತ್ರ ಭಯಂಕರ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳೋಣ. ಅದರ ಒತ್ತಡವನ್ನು 1.8 ಪಟ್ಟು ಏರಿಸಿದರೆ, ಯಂತ್ರದ ನಷ್ಟವನ್ನೂ ಸೇರಿಸಿ ಗಾಳಿ ಸುಮಾರು 110 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಡ ಶೇಕಡಾ 80 ಏರಿದರೂ ಸಿಕ್ಕ ಗಾಳಿ ಶೇಕಡಾ 42ರಷ್ಟು ಮಾತ್ರ ಹೆಚ್ಚು. ಅದೇ ಗಾಳಿಯನ್ನು ಇಂಟರ್‌ಕೂಲರ್ ಎಂಬ ತಣಿಸುವ ಸಾಧನದ ಮೂಲಕ 50 ಡಿಗ್ರಿಗೆ ಇಳಿಸಿದರೆ ಲಾಭ ಶೇಕಡಾ 69ಕ್ಕೆ ಜಿಗಿಯುತ್ತದೆ. ಎಂಜಿನ್‌ನ ಒಂದು ಬೋಲ್ಟನ್ನೂ ಮುಟ್ಟದೆ, ಬರೀ ತಂಪಿನಿಂದ ಇಷ್ಟು ಶಕ್ತಿ. ಡಾಡ್ಜ್ ಇದನ್ನು ಚೆನ್ನಾಗಿ ಅರಿತಿತ್ತು. 2018ರ ಚಾಲೆಂಜರ್ ಡೀಮನ್ ಓಟಕ್ಕೆ ನಿಂತಾಗ, ಕೂತವರನ್ನು ತಣ್ಣಗಿಡುವ ಎಸಿಯ ಶೀತಕವನ್ನೇ ತಿರುಗಿಸಿ ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುತ್ತಿತ್ತು. ನನಗೆ ಈ ಕಾರುಗಳ ಇಡೀ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಉಪಾಯ ಇದು.

ಗಾಳಿ ಬಿಸಿಯಾದರೆ ಇನ್ನೂ ದೊಡ್ಡ ಅಪಾಯವೆಂದರೆ ನಾಕಿಂಗ್. ಸ್ಪಾರ್ಕ್ ಪ್ಲಗ್‌ನ ಜ್ವಾಲೆ ಮುಟ್ಟುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಹೊತ್ತಿಕೊಂಡು ಸಿಡಿಯುತ್ತದೆ; ಮಿತಿಮೀರಿದರೆ ಪಿಸ್ಟನ್ ತೂತಾಗುತ್ತದೆ. ಅದಕ್ಕೇ ಒತ್ತುಗಾಳಿಯ ಎಂಜಿನ್‌ಗಳಲ್ಲಿ ಸಂಕೋಚನ ಅನುಪಾತವನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅಮುಕುತ್ತದೆ ಎಂಬುದನ್ನು, ತಗ್ಗಿಸುತ್ತಾರೆ. ಜಿಟಿ350ರಲ್ಲಿ ಅದು 12, ಜಿಟಿ500ರಲ್ಲಿ 9.5. ಜಿಟಿ500 ಕೊಡುವ 760 ಅಶ್ವಶಕ್ತಿ ಎಂದರೆ ಸುಮಾರು 567 ಕಿಲೋವ್ಯಾಟ್. ಪೂರ್ತಿ ಥ್ರಾಟಲ್‌ನಲ್ಲಿ ಇಂಧನದ ಶಕ್ತಿಯ ಶೇಕಡಾ 30ರಷ್ಟು ಕೆಲಸಕ್ಕೆ ಬರುತ್ತದೆ ಎಂದು ಹಿಡಿದರೂ, ಉಳಿದ 1,300 ಕಿಲೋವ್ಯಾಟ್ ಬಿಸಿಯಾಗಿ ಹೊರಗೆ ಹೋಗಬೇಕು. ಸ್ನಾನದ ಮನೆಯ 2 ಕಿಲೋವ್ಯಾಟ್ ಗೀಸರ್‌ಗಳು 600ಕ್ಕೂ ಹೆಚ್ಚು ಒಟ್ಟಿಗೆ ಉರಿದರೆ ಆಗುವಷ್ಟು ಬಿಸಿ, ಒಂದು ಬಾನೆಟ್‌ನ ಕೆಳಗೆ. ಅದರಲ್ಲಿ ದೊಡ್ಡ ಪಾಲು ಸೈಲೆನ್ಸರ್ ಹಾದಿ ಹಿಡಿದರೂ ಸಿಲಿಂಡರ್ ಗೋಡೆಗಳಿಗೆ ಬಡಿಯುವುದು ಸಣ್ಣದೇನಲ್ಲ. ಅದಕ್ಕಾಗಿಯೇ ಅಲ್ಯೂಮಿನಿಯಂ ಸಿಲಿಂಡರ್‌ಗಳೊಳಗೆ ಕೂರಿಸುತ್ತಿದ್ದ ದಪ್ಪ ಕಬ್ಬಿಣದ ತೋಳನ್ನು ಫೋರ್ಡ್ ಕಿತ್ತೊಗೆದು, ಉಕ್ಕಿನ ತಂತಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಗೋಡೆಗೆ ತೆಳುವಾಗಿ ಎರಚುವ ವಿಧಾನಕ್ಕೆ ಹೋಯಿತು. ಲೇಪ ತೆಳುವಾದಷ್ಟೂ ಬಿಸಿ ಬೇಗ ನೀರಿಗೆ ದಾಟುತ್ತದೆ. ಕಬ್ಬಿಣದ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್‌ನ ಒಡಲು) ಬಿಟ್ಟು ಈ ವಿಧಾನಕ್ಕೆ ಬಂದ 2011ರ ಜಿಟಿ500 ಎಂಜಿನ್ ಸುಮಾರು 46 ಕಿಲೋ ಹಗುರವಾಯಿತು.

ಬಿಸಿಯನ್ನು ಗೆಲ್ಲಲು ಇಂಧನವನ್ನೇ ಬದಲಿಸುವುದು ಇನ್ನೊಂದು ಉಪಾಯ. 2023ರ ಡೀಮನ್ 170 ಸಾಮಾನ್ಯ ಅಮೆರಿಕನ್ ಪೆಟ್ರೋಲ್‌ನಲ್ಲಿ 900 ಅಶ್ವಶಕ್ತಿ ಕೊಟ್ಟರೆ, ಶೇಕಡಾ 85ರವರೆಗೆ ಎಥನಾಲ್ ಇರುವ ಇ85 ಇಂಧನದಲ್ಲಿ 1,025 ಕೊಟ್ಟಿತು. ಒಂದು ಕಿಲೋ ಗಾಳಿಯ ಲೆಕ್ಕದಲ್ಲಿ ನೋಡಿದರೆ ಎರಡೂ ಇಂಧನಗಳಿಂದ ಸಿಗುವ ಶಾಖ ಹೆಚ್ಚುಕಡಿಮೆ ಒಂದೇ. ಗುಟ್ಟಿರುವುದು ಆವಿಯಾಗುವುದರಲ್ಲಿ. ಆವಿಯಾಗಲು ಪೆಟ್ರೋಲ್ ಕಿಲೋಗೆ ಸುಮಾರು 350 ಕಿಲೋಜೌಲ್ ಹೀರಿದರೆ ಎಥನಾಲ್ ಸುಮಾರು 900 ಹೀರುತ್ತದೆ; ಅಷ್ಟೇ ಗಾಳಿಗೆ ಎಥನಾಲ್ ಹೆಚ್ಚು ಪ್ರಮಾಣದಲ್ಲಿ ಬೇಕಿರುವುದರಿಂದ ಒಟ್ಟು ತಂಪು ನಾಲ್ಕು ಪಟ್ಟಿಗೆ ಹತ್ತಿರ. ಮೇಲಾಗಿ ಅದು ನಾಕಿಂಗ್‌ಗೆ ಸುಲಭವಾಗಿ ಜಗ್ಗುವುದಿಲ್ಲ.

ನಮ್ಮ ಪೆಟ್ರೋಲ್ ಬಂಕ್‌ಗಳಲ್ಲಿ ಈಗ ಸಿಗುವ ಇ20ರಲ್ಲಿರುವುದೂ ಇದೇ ಎಥನಾಲ್, ಅದರ ಒಂದು ಪಾಲು ಕರ್ನಾಟಕದ ಕಬ್ಬಿನದು. ಮೈಲೇಜ್ ಬೀಳುತ್ತದೆ ಎಂಬ ದೂರು ನಿಜ. ಕಿಲೋ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆ. ಆದರೆ ಅದರ ತಂಪು, ನಾಕಿಂಗ್ ತಡೆಯುವ ಗುಣ ಎರಡನ್ನೂ ದುಡಿಸಿಕೊಳ್ಳುವಂತೆ ಎಂಜಿನ್‌ನ ಸಂಕೋಚನ ಅನುಪಾತ ಏರಿಸಿ ಕಟ್ಟಿದರೆ ಆ ನಷ್ಟದ ಒಂದಂಶವನ್ನು ಮರಳಿ ಪಡೆಯಬಹುದು. ಈ ಕೆಲಸ ನಮ್ಮಲ್ಲಿ ಬೇಗ ಆಗಬೇಕು ಎಂಬುದು ನನ್ನ ಆಸೆ.

ಈಗ ಟಯರ್‌ಗೆ ಬರೋಣ. ಚಾಲಕನೂ ಸೇರಿ 1,900 ಕಿಲೋ ತೂಗುವ, ಹಿಂದಿನ ಚಕ್ರಗಳಷ್ಟೇ ಓಡಿಸುವ ಕಾರೊಂದನ್ನು ತೆಗೆದುಕೊಳ್ಳಿ. ಜೋರಾಗಿ ಹೊರಟಾಗ ಭಾರದ ಶೇಕಡಾ 60 ಹಿಂದಕ್ಕೆ ಬಂತು, ರಸ್ತೆಯೊಂದಿಗೆ ಟಯರ್‌ನ ಘರ್ಷಣೆಯ ಗುಣಾಂಕ 1 ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಆ ಟಯರ್‌ಗಳು ರಸ್ತೆಗೆ ಇಳಿಸಬಲ್ಲದ್ದು ಸುಮಾರು 415 ಅಶ್ವಶಕ್ತಿ. ಅದಕ್ಕಿಂತ ಕಡಿಮೆ ವೇಗದಲ್ಲಿ ಇನ್ನೂ ಕಡಿಮೆ. ಸಾವಿರ ಅಶ್ವಶಕ್ತಿಯ ಕಾರು ಸಿಗ್ನಲ್‌ನಿಂದ ಹೊರಟು ನೂರು ಮುಟ್ಟುವವರೆಗೆ ಅರ್ಧಕ್ಕೂ ಹೆಚ್ಚು ಶಕ್ತಿ ಹೊಗೆಯಾಗುವ ರಬ್ಬರ್‌ಗೇ ಸರಿ. ಡೀಮನ್ 170 ನಿಂತಲ್ಲಿಂದ ಗಂಟೆಗೆ 60 ಮೈಲಿಗೆ 1.66 ಸೆಕೆಂಡ್‌ನಲ್ಲಿ ಏರಿತು ಎಂಬ ಪ್ರಸಿದ್ಧ ಅಂಕಿಯ ಹಿಂದೆ ಅಂಟು ಸವರಿದ ಡ್ರ್ಯಾಗ್ ಓಟದ ಪಟ್ಟಿ, ಅದಕ್ಕೆಂದೇ ಮಾಡಿದ ಟಯರ್ ಎರಡೂ ಇದ್ದವು. ಊರಿನ ರಸ್ತೆಯಲ್ಲಿ ಆ ಕಾರಿನಿಂದಲೂ ಅದು ಆಗದ ಕೆಲಸ.

ನಾಲ್ಕೂ ಚಕ್ರಗಳು ದುಡಿದರೆ ಅದೇ ಲೆಕ್ಕ ಸುಮಾರು 690ಕ್ಕೆ ಏರುತ್ತದೆ. ಇಲ್ಲಿಯೇ ಮುಂದಿನ ಎಂಜಿನ್‌ನ ಸುಳಿವಿದೆ ಎಂದು ನನಗನ್ನಿಸುವುದು. ಶೆವರ್ಲೆಯ ಕಾರ್ವೆಟ್ ಇ-ರೇ (ಕಾರ್ವೆಟ್ ಸ್ಪೋರ್ಟ್ಸ್ ಕಾರು, ಮಸಲ್ ಕಾರಿನ ಪಂಗಡದ್ದಲ್ಲ, ಆದರೆ ಅದೇ ಕಂಪನಿಯ ಪ್ರಯೋಗಶಾಲೆ) ಮುಂದಿನ ಚಕ್ರಗಳಿಗೆ 160 ಅಶ್ವಶಕ್ತಿಯ ವಿದ್ಯುತ್ ಮೋಟರ್ ಕೊಟ್ಟಿತು. ಅದರ ಬ್ಯಾಟರಿ ಬರೀ 1.9 ಕಿಲೋವ್ಯಾಟ್ ಗಂಟೆಯದು. ಮೋಟರ್ ಪೂರ್ತಿ ಜೋರಿನಲ್ಲಿ ಓಡಿದರೆ ಒಂದು ನಿಮಿಷಕ್ಕೂ ಸಾಲದು. ಆದರೆ ಓಟ ಶುರುವಾಗುವ ಮೂರು ಸೆಕೆಂಡ್‌ಗೆ ಬೇಕಿರುವುದು ಅದರ ಚೂರು ಪಾಲು, ಮುಂದಿನ ತಿರುವಿನಲ್ಲಿ ಬ್ರೇಕ್ ಹಾಕಿದರೆ ಅಷ್ಟೂ ಮರಳಿ ತುಂಬಿಕೊಳ್ಳುತ್ತದೆ. ಡಾಡ್ಜ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದು ಪೂರ್ತಿ ವಿದ್ಯುತ್ತಿನ ಚಾರ್ಜರ್ ಡೇಟೋನಾ ತಂದಿತು. 670 ಅಶ್ವಶಕ್ತಿ ಇದ್ದರೂ ಕಾರಿನ ತೂಕ 2,600 ಕಿಲೋ ದಾಟಿತು. ತೂಕ ಹೆಚ್ಚಿದರೆ ತಿರುವು, ಬ್ರೇಕು, ಟಯರ್ ಎಲ್ಲದರ ಮೇಲೂ ಹೊರೆ. ಅದೇ ಚಾರ್ಜರ್‌ಗೆ ಡಾಡ್ಜ್ ಜೊತೆಗೇ ಕೊಟ್ಟ 3 ಲೀಟರ್, ಎರಡು ಟರ್ಬೊಗಳ (ಹೊಗೆಯ ರಭಸದಿಂದ ತಿರುಗಿ ಗಾಳಿ ಒತ್ತುವ ಪಂಪುಗಳು), ಆರು ಸಿಲಿಂಡರ್‌ಗಳು ಸಾಲಾಗಿ ನಿಂತ 550 ಅಶ್ವಶಕ್ತಿಯ ಎಂಜಿನ್ ನನಗೆ ಹೆಚ್ಚು ಜಾಣತನದ್ದಾಗಿ ಕಾಣುತ್ತದೆ. ಆರು ಸಾಲು ಸಿಲಿಂಡರ್‌ಗಳ ಮೊದಲ, ಎರಡನೆಯ ಹಂತದ ಅಲುಗಾಟಗಳು ತಾವೇ ಒಂದನ್ನೊಂದು ಕಳೆದುಕೊಳ್ಳುತ್ತವೆ. ಅಭಿಮಾನಿಗಳಿಗೆ ಬೇಕಿದ್ದ ವಿ8 ಸದ್ದು ಅದರಲ್ಲಿಲ್ಲ ಎಂಬುದು ಬೇರೆ ಮಾತು, ಆ ಕೊರಗನ್ನು ನಾನು ಹಗುರ ಮಾಡುವುದಿಲ್ಲ.

ಮಸ್ಟ್ಯಾಂಗ್ ಪೂರ್ತಿ ವಿದ್ಯುತ್ತಿಗೆ ಹೋಗುವುದಿಲ್ಲ ಎಂದು ಫೋರ್ಡ್ ಮುಖ್ಯಸ್ಥ ಜಿಮ್ ಫಾರ್ಲಿ ಬಹಿರಂಗವಾಗಿ ಹೇಳಿದ್ದಾರೆ. 815 ಅಶ್ವಶಕ್ತಿಯ ಮಸ್ಟ್ಯಾಂಗ್ ಜಿಟಿಡಿ ಈಗಾಗಲೇ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಓಟದ ಹಾದಿಯಲ್ಲಿ ಏಳು ನಿಮಿಷದೊಳಗೆ ಸುತ್ತು ಮುಗಿಸಿದೆ. ಅದರ ಮುಂದಿನ ಹೆಜ್ಜೆಗೆ ಇನ್ನಷ್ಟು ಒತ್ತುಗಾಳಿಗಿಂತ ಮುಂಚಕ್ರದ ಮೋಟರ್ ಸಹಜ ಎಂದು ನನ್ನ ಊಹೆ. ಸೂಪರ್‌ಚಾರ್ಜರ್ ತಿರುಗಿಸಲು ಕ್ರ್ಯಾಂಕ್‌ನಿಂದಲೇ ಶಕ್ತಿ ಕದಿಯಬೇಕಾಗುತ್ತದೆ. 707 ಅಶ್ವಶಕ್ತಿಯ ಡಾಡ್ಜ್ ಹೆಲ್‌ಕ್ಯಾಟ್‌ನಲ್ಲಿ ಅದು 80ರಷ್ಟು ನುಂಗುತ್ತಿತ್ತು. ಅದರ ಬದಲು ವಿದ್ಯುತ್ ಮೋಟರ್ ಜೋಡಿಸಿದ ಟರ್ಬೊ ಬಂದರೆ ಆ ನಷ್ಟವೂ ಇಲ್ಲ, ಟರ್ಬೊ ಎಚ್ಚರಗೊಳ್ಳುವ ತಡವೂ ಇಲ್ಲ. ಪೋರ್ಷೆ 2024ರ 911 ಜಿಟಿಎಸ್‌ನಲ್ಲಿ ಅದನ್ನು ಮಾರಾಟಕ್ಕೇ ಇಟ್ಟಿದೆ.

ಕ್ಯಾಮರೊ ಮರಳುವುದೇ ಆದರೆ ಅದರ ಎಂಜಿನ್ ಈಗ ಟ್ರಕ್‌ಗಳ ಹೆಸರಿನಲ್ಲಿ ತಯಾರಾಗುತ್ತಿದೆ. 1955ರಲ್ಲಿ 4.3 ಲೀಟರ್‌ನಿಂದ ಶುರುವಾದ ಶೆವರ್ಲೆಯ ಸಣ್ಣ ಬ್ಲಾಕ್ ವಿ8ರ ಆರನೆಯ ಪೀಳಿಗೆಗಾಗಿ ಶೆವರ್ಲೆಯ ಒಡೆಯ ಜನರಲ್ ಮೋಟರ್ಸ್ 2023ರಲ್ಲಿ ಫ್ಲಿಂಟ್ ಕಾರ್ಖಾನೆಗೆ 57.9 ಕೋಟಿ ಡಾಲರ್, 2025ರಲ್ಲಿ ನ್ಯೂಯಾರ್ಕ್ ರಾಜ್ಯದ ಟೊನವಾಂಡ ಕಾರ್ಖಾನೆಗೆ 88.8 ಕೋಟಿ ಡಾಲರ್ ಘೋಷಿಸಿತು. ಒಂದೇ ಬ್ಲಾಕ್ ಟ್ರಕ್, ಕಾರು ಎರಡರಲ್ಲೂ ಕೂರುವುದು ಆ ಮನೆತನದ ಹಳೆಯ ರೂಢಿ. ಆ ಎಂಜಿನ್‌ನ ವಿವರಪಟ್ಟಿ ಕೈಗೆ ಸಿಕ್ಕ ದಿನ ನಾನು ಮೊದಲು ಹುಡುಕುವುದು ಸಂಕೋಚನ ಅನುಪಾತದ ಸಾಲನ್ನು. ಅದು 11.5ಕ್ಕಿಂತ ಮೇಲಿದ್ದರೆ ಎಂಜಿನ್ ಒತ್ತದ, ಸಹಜ ಗಾಳಿಯ ಬಲದಲ್ಲೇ ಬದುಕಲು ಹೊರಟಿದೆ, ಪಕ್ಕದಲ್ಲಿ ವಿದ್ಯುತ್ ಮೋಟರ್‌ಗೆ ಎಡೆ ಇದೆ. 10ರ ಆಸುಪಾಸಿನ ಇನ್ನೊಂದು ಆವೃತ್ತಿಯೂ ಪಟ್ಟಿಯಲ್ಲಿ ಕಂಡರೆ, ಬಾನೆಟ್‌ನ ಕೆಳಗೆ ಒತ್ತುಗಾಳಿಗೆ ಜಾಗ ಬಿಟ್ಟಿದ್ದಾರೆ ಎಂದೇ ಅರ್ಥ.