ಪೇಟ್ರನ್‌ಗೆ ಏನು ಬೇಕು? ವಾರ್‌ಲಾಕ್ ಇರುವ ಆಟವನ್ನು ನಡೆಸುವವರಿಗೆ ಟಿಪ್ಪಣಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದು ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಹಾಕುತ್ತ ಕಥೆ ಕಟ್ಟುವ ಆಟ. ಅದರ 2014ರ (ಐದನೇ ಆವೃತ್ತಿಯ) ನಿಯಮಗಳ ಪ್ರಕಾರ ವಾರ್‌ಲಾಕ್ ಎಂಬ ಮಾಂತ್ರಿಕ ಆಗುವವರು ಮೊದಲ ಲೆವೆಲ್‌ನಲ್ಲೇ ಒಂದು ಅತಿಮಾನುಷ ಶಕ್ತಿಯೊಡನೆ ಒಪ್ಪಂದ ಮಾಡಿಕೊಂಡಿರಬೇಕು. ಆ ಶಕ್ತಿಯೇ ಪೇಟ್ರನ್: ಮಾಯಾಲೋಕದ ಆರ್ಚ್‌ಫೇ, ನರಕದ ಕಡೆಯ ಫೀಂಡ್, ಇಲ್ಲವೇ ಬುದ್ಧಿಗೆ ನಿಲುಕದ ಗ್ರೇಟ್ ಓಲ್ಡ್ ಒನ್. 2024ರ ಪರಿಷ್ಕರಣೆಯಲ್ಲಿ ಈ ಆಯ್ಕೆ ಮೂರನೇ ಲೆವೆಲ್‌ಗೆ ಸರಿದಿದೆ, ಸೆಲೆಸ್ಟಿಯಲ್ ಕೂಡ ಸಾಲಿಗೆ ಸೇರಿದೆ. ಪೇಟ್ರನ್ ಏನು ಕೊಡುತ್ತದೆ ಎಂಬುದಕ್ಕೆ ಪುಸ್ತಕದಲ್ಲಿ ಪ್ರತಿ ಲೆವೆಲ್‌ಗೂ ಲೆಕ್ಕವಿದೆ. ಅದು ಏನು ಕೇಳುತ್ತದೆ ಎಂಬುದನ್ನು ಮಾತ್ರ ಆಟಗಾರರೂ ಆಟ ನಡೆಸುವ ಗೇಮ್ ಮಾಸ್ಟರೂ ಕೂತು ಮಾತಾಡಿಕೊಳ್ಳಬೇಕು. ಹೊಸ ಗೇಮ್ ಮಾಸ್ಟರ್‌ಗಳು ಎಡವುವುದು ಇಲ್ಲಿಯೇ.

ಶಕ್ತಿಯನ್ನು ಹಿಂಪಡೆಯಬಹುದೇ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ವಾರ್‌ಲಾಕ್ ತನ್ನ ಪೇಟ್ರನ್‌ನ ಮಾತು ಮೀರಿದರೆ ಮಂತ್ರಗಳನ್ನು ಕಿತ್ತುಕೊಳ್ಳಬಹುದೇ? ಈ ಯೋಚನೆ ಬಂದಿರುವುದು ದೇವತೆಯಿಂದ ಮಂತ್ರ ಪಡೆಯುವ ಕ್ಲೆರಿಕ್ ಎಂಬ ಪಾತ್ರವರ್ಗದಿಂದ. ಮೂರನೇ ಆವೃತ್ತಿಯಲ್ಲಿ ದೇವತೆಯ ಕಟ್ಟಳೆಯನ್ನು ಘೋರವಾಗಿ ಮುರಿದ ಕ್ಲೆರಿಕ್ ಪ್ರಾಯಶ್ಚಿತ್ತ ಮಾಡಿಕೊಳ್ಳುವ ತನಕ ಮಂತ್ರಗಳನ್ನು ಕಳೆದುಕೊಳ್ಳುತ್ತಿದ್ದ. ಐದನೇ ಆವೃತ್ತಿಯ ವಾರ್‌ಲಾಕ್‌ಗೆ ಅಂಥ ನಿಯಮವಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಇಲ್ಲಿ ಕೋಡಂಗಿಯಾಗುವ ಸರದಿ ನರಕದ ಒಡೆಯರದು.

ನಿಯಮವಿಲ್ಲದಿದ್ದರೂ ಕಿತ್ತುಕೊಳ್ಳುತ್ತೇನೆ ಎನ್ನುವವರು ವಾರ್‌ಲಾಕ್ ಬಳಿ ಎಷ್ಟಿದೆ ಎಂದು ಒಮ್ಮೆ ನೋಡಲಿ. ಎರಡನೇ ಲೆವೆಲ್‌ನಿಂದ ಹತ್ತನೆಯದರವರೆಗೆ ಇರುವುದು ಎರಡೇ ಸ್ಪೆಲ್ ಸ್ಲಾಟ್, ಅಂದರೆ ಮಂತ್ರ ಹಾಕಲು ಎರಡೇ ಅವಕಾಶ. ಒಂದು ಗಂಟೆಯ ವಿಶ್ರಾಂತಿಯಲ್ಲಿ ಅವು ಮರಳುತ್ತವೆ ಎಂಬ ಭರವಸೆಯ ಮೇಲೆ ಇಡೀ ಪಾತ್ರ ನಿಂತಿದೆ. ಅದನ್ನೂ ಕಸಿದರೆ ಆಟಗಾರರು ಸಂಜೆಯೆಲ್ಲ ಬೇರೆಯವರ ದಾಳ ನೋಡುತ್ತ ಕೂರಬೇಕು. ಇದು ಕಥೆಯೊಳಗಿನ ಪಾತ್ರಕ್ಕೆ ಆದ ಶಿಕ್ಷೆಯಲ್ಲ, ಮೇಜಿನ ಬಳಿ ಕೂತ ಮನುಷ್ಯರಿಗೆ ಆದದ್ದು.

2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಎಂಬ ಇನ್ನೊಂದು ಆಟ ಇದನ್ನು ಬೇರೆ ರೀತಿ ಬಿಡಿಸಿದೆ, ಆ ದಾರಿಯೇ ನನಗೆ ಹೆಚ್ಚು ಒಪ್ಪಿಗೆ. ಅಲ್ಲಿ ಪೇಟ್ರನ್‌ನ ನೆರವು ಕೋರುವುದೇ ಒಂದು ಮಂತ್ರ. ದಾಳ ಚೆನ್ನಾಗಿ ಬಿದ್ದಷ್ಟೂ ನೆರವು ದೊಡ್ಡದು, ಕೆಟ್ಟದಾಗಿ ಬಿದ್ದರೆ ಪೇಟ್ರನ್‌ನ ಕಳಂಕ ಮಾಂತ್ರಿಕನಿಗೆ ಅಂಟಿಕೊಳ್ಳಬಹುದು. ಅಂದರೆ ಬೆಲೆ ತೆರಬೇಕಾದದ್ದು ಹೆಚ್ಚಿನದನ್ನು ಬೇಡಿದಾಗ. ಇದನ್ನು ಯಾವ ಆಟಕ್ಕೂ ಒಗ್ಗಿಸಬಹುದು: ಪಾತ್ರದ ಶಕ್ತಿಗಳನ್ನು ಬರೆದಿಡುವ ಹಾಳೆಯ ಮೇಲಿರುವುದು ಆಟಗಾರರದು, ಅದನ್ನು ಮುಟ್ಟಬೇಡಿ, ಹಾಳೆಯಲ್ಲಿ ಇಲ್ಲದ ಸಹಾಯಕ್ಕೆ ಎಷ್ಟು ಬೇಕಾದರೂ ಬೆಲೆ ಕಟ್ಟಿ.

ಬೇಡಿಕೆ ಹೇಗಿರಬೇಕು

‘ರಾಜನನ್ನು ಕೊಲ್ಲು’ ಎಂಬುದು ಸೋಮಾರಿ ಬೇಡಿಕೆ. ತಂಡ ಒಪ್ಪುವುದಿಲ್ಲ, ಮಾತು ಅಲ್ಲಿಗೇ ಮುಗಿಯುತ್ತದೆ. ತಂಡದ ಗುರಿಗೆ ಪೂರ್ತಿ ಎದುರಾಗದೆ, ಒಂದು ಮೂಲೆಯಲ್ಲಿ ತಗಲುವ ಬೇಡಿಕೆ ಕೆಲಸ ಮಾಡುತ್ತದೆ. ತಂಡ ಒಬ್ಬ ಹಡಗಿನ ನಾಯಕಿಯನ್ನು ಸೆರೆಯಿಂದ ಬಿಡಿಸಲು ಹೊರಟಿದೆ ಎನ್ನಿ. ಬೀಗ ತಾನೇ ತೆರೆಯುತ್ತೇನೆ ಎನ್ನುತ್ತದೆ ಫೀಂಡ್. ಅದರ ಷರತ್ತು ಒಂದೇ: ನಾಯಕಿ ಬರೆದುಕೊಟ್ಟ ಸಾಲಪತ್ರವನ್ನು ಯಾರೂ ಸುಡಬಾರದು. ಪತ್ರ ಫೀಂಡ್‌ಗೆ ಏಕೆ ಬೇಕು? ಸುಡದೆ ನೀರಿಗೆ ಹಾಕಿದರೆ ಮಾತು ಮುರಿದಂತೆಯೇ? ಒಪ್ಪಬಹುದು, ನಿರಾಕರಿಸಬಹುದು, ನುಣುಚಿಕೊಳ್ಳಬಹುದು. ಮೂರೂ ದಾರಿ ತೆರೆದಿದ್ದರೆ ಬೇಡಿಕೆ ಗಟ್ಟಿಯಾಗಿದೆ ಎಂದರ್ಥ.

ಅಕ್ಷರ ಹಿಡಿದು ಜಗ್ಗುವುದು ಫೀಂಡ್‌ನ ಗುಣ. ಆರ್ಚ್‌ಫೇಗೆ ಅಕ್ಷರಕ್ಕಿಂತ ಮರ್ಯಾದೆ ಮುಖ್ಯ. ಕೆಲಸ ಮಾಡಿಯೂ ಕೃತಜ್ಞತೆ ಹೇಳದಿದ್ದರೆ ಮುನಿಸು ತಪ್ಪಿದ್ದಲ್ಲ. ಗ್ರೇಟ್ ಓಲ್ಡ್ ಒನ್ ಇನ್ನೂ ವಿಚಿತ್ರ. ವಾರ್‌ಲಾಕ್ ಒಬ್ಬನಿದ್ದಾನೆ ಎಂಬುದೇ ಅದಕ್ಕೆ ತಿಳಿದಿರಬೇಕಿಲ್ಲ ಎಂದು 2014ರ ಪುಸ್ತಕವೇ ಹೇಳುತ್ತದೆ. ಅದರಿಂದ ಆಜ್ಞೆ ಕೊಡಿಸಿದರೆ ಅದು ಮೇಲಧಿಕಾರಿಯ ಮಟ್ಟಕ್ಕೆ ಇಳಿಯುತ್ತದೆ. ಅರ್ಥವಾಗದ ಕನಸು ಕೊಟ್ಟು ಬಿಡಿ, ಆಜ್ಞೆಯನ್ನು ವಾರ್‌ಲಾಕ್ ತಾನೇ ಕಟ್ಟಿಕೊಳ್ಳುತ್ತಾನೆ.

ಉಳಿದವರು ಕಾಯಬಾರದು

ಪೇಟ್ರನ್ ಜೊತೆಗಿನ ಗುಟ್ಟಿನ ಮಾತುಕತೆ ಉದ್ದವಾದಷ್ಟೂ ಉಳಿದ ಆಟಗಾರರು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಪ್ಯಾಕ್ಟ್ ಆಫ್ ದ ಚೈನ್ ಎಂಬ ಬಗೆಯ ಒಪ್ಪಂದ ಆರಿಸಿದ ವಾರ್‌ಲಾಕ್ ಬಳಿ ಇಂಪ್‌ನಂಥ (ನರಕದ ಪುಟ್ಟ ಪಿಶಾಚಿ) ಸಹಚರ ಇರಬಹುದು. ಆ ಇಂಪ್‌ಗೆ ದನಿಯಾಗುವ ಕೆಲಸವನ್ನು ಇನ್ನೊಬ್ಬ ಆಟಗಾರರಿಗೆ ಕೊಟ್ಟುಬಿಡಿ. ಒಡೆಯನ ಪರ ವಕೀಲಿಕೆಗೆ ಜನ ಹಿಂದೆಮುಂದೆ ನೋಡುವುದಿಲ್ಲ. ನಿರಾಕರಣೆಗಳ ಲೆಕ್ಕಕ್ಕೆ 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಆಟ ಬಳಸುವ ‘ಗಡಿಯಾರ’ ಸಾಕು: ಆರು ಭಾಗಗಳ ಒಂದು ವೃತ್ತ ಬರೆದು ಎಲ್ಲರಿಗೂ ಕಾಣುವಂತೆ ಇಡಿ, ಪ್ರತಿ ನಿರಾಕರಣೆಗೆ ಒಂದು ಭಾಗ ತುಂಬಿ. ವೃತ್ತ ತುಂಬಿದಾಗ ಪೇಟ್ರನ್ ಅದೇ ಊರಿನಲ್ಲಿ ಇನ್ನೊಬ್ಬ ವಾರ್‌ಲಾಕ್‌ನನ್ನು ನೇಮಿಸಿಕೊಳ್ಳಲಿ. ಅವನಿಗೆ ಎಲ್ಲ ಬೇಡಿಕೆಗಳೂ ಒಪ್ಪಿಗೆ.

ಇವೆಲ್ಲ ಆಟಗಾರರಿಗೆ ಬೇಕಿದ್ದರೆ ಮಾತ್ರ. ಎರಡು ಲೆವೆಲ್‌ನಷ್ಟು ವಾರ್‌ಲಾಕ್ ಆಗಿ ಎಲ್ಡ್ರಿಚ್ ಬ್ಲಾಸ್ಟ್ ಎಂಬ ದಾಳಿಯ ಮಂತ್ರ ಗಿಟ್ಟಿಸಿಕೊಂಡು ಬೇರೆ ವರ್ಗಕ್ಕೆ ಹೋಗುವವರು ಒಡೆಯನನ್ನು ಬಯಸಿರುವುದಿಲ್ಲ, ಅವರ ಪಾಡಿಗೆ ಬಿಡಿ. ಉಳಿದವರಲ್ಲಿ ಆಟ ಶುರುವಾಗುವ ಮೊದಲೇ ಕೇಳಬೇಕಾದದ್ದಿಷ್ಟು: ಒಪ್ಪಂದದಲ್ಲಿ ನೀವು ಕೊಟ್ಟದ್ದೇನು, ಪೇಟ್ರನ್ ಎಂದೂ ಕೈಹಾಕಬಾರದ ವಿಷಯ ಯಾವುದು. ಮುಂದೆ ಒಪ್ಪಂದ ಮುರಿಯುವ ಆಸೆ ಬಂದರೆ ಹಾಳೆಯ ಮೇಲಿನ ಅಂಕಿಗಳನ್ನು ಹಾಗೆಯೇ ಉಳಿಸಿ ಹೊಸ ಪೇಟ್ರನ್ ಹುಡುಕಿಕೊಡಿ. ಹಳೆಯದರ ಬಾಕಿ ಯಾರು ತೀರಿಸಬೇಕು ಎಂದು ಎರಡು ಪೇಟ್ರನ್‌ಗಳು ಕಚ್ಚಾಡಲಿ. ಮುಂದಿನ ಹಲವು ಸಂಜೆಗಳ ಆಟಕ್ಕೆ ಅಷ್ಟೇ ಸಾಕಾಗುತ್ತದೆ.