ವ್ಯೂಪಾಯಿಂಟ್ ಡಿಸ್ಕ್ರಿಮಿನೇಷನ್ ಅಂದರೇನು? ಒಂದು ತರಗತಿ, ಎರಡು ನಿಲುವು, ಒಂದು ಡಾಲರ್

2010ರ ಅಕ್ಟೋಬರ್ 20. ಅಮೆರಿಕದ ಮಿಶಿಗನ್ ರಾಜ್ಯದ ಹಾವೆಲ್ ಎಂಬ ಊರು. ಅಲ್ಲಿನ ಸರ್ಕಾರಿ ಹೈಸ್ಕೂಲಿನ ಅರ್ಥಶಾಸ್ತ್ರದ ಮೇಷ್ಟ್ರು ಅವತ್ತು ನೇರಳೆ ಬಣ್ಣದ ಟೀ ಶರ್ಟ್ ಹಾಕಿಕೊಂಡು ತರಗತಿಗೆ ಬಂದಿದ್ದರು. ಆ ದಿನಕ್ಕೆ ಸ್ಪಿರಿಟ್ ಡೇ ಅಂತ ಹೆಸರು. ಗೇ ಅನ್ನೋ ಕಾರಣಕ್ಕೆ ಕಾಟ ತಿಂದು ಪ್ರಾಣ ಕಳೆದುಕೊಂಡ ಮಕ್ಕಳನ್ನು ನೆನೆಯುವ ದಿನ ಅದು. ಹಿಂದಿನ ತಿಂಗಳಷ್ಟೇ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ತೀರಿಕೊಂಡಿದ್ದ. ಆ ನೋವು ಇನ್ನೂ ಹಸಿಯಾಗಿತ್ತು.

ತರಗತಿಗೆ ಬಂದ ಒಬ್ಬ ಹುಡುಗಿಯ ಬೆಲ್ಟಿನ ಬಕಲ್ ಮೇಲೆ ಕಾನ್ಫೆಡರೇಟ್ ಬಾವುಟದ ಚಿತ್ರ ಇತ್ತು. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕೆ ಇಳಿದ ದಕ್ಷಿಣದ ರಾಜ್ಯಗಳ ಬಾವುಟ ಅದು. ತೆಗೆದಿಡು ಅಂದರು ಮೇಷ್ಟ್ರು. ಆಗ ಒಬ್ಬ ಹುಡುಗ ಕೇಳಿದ, ಈ ಬಾವುಟ ಬೇಡ ಅಂತಾದರೆ ಗೇ ಸಮುದಾಯದ ಗುರುತಾದ ಕಾಮನಬಿಲ್ಲಿನ ಬಾವುಟ ಮಾತ್ರ ಹೇಗೆ ಸರಿ ಅಂತ. ಮಾತಿಗೆ ಮಾತು ಬೆಳೆಯಿತು. ನಾನು ಕ್ಯಾಥೊಲಿಕ್, ಗೇಗಳನ್ನು ಒಪ್ಪೋದು ನನ್ನ ಧರ್ಮಕ್ಕೆ ವಿರುದ್ಧ ಅಂತ ಹುಡುಗ ಹೇಳಿದ. ಮೇಷ್ಟ್ರು ಅವನನ್ನು ತರಗತಿಯಿಂದ ಹೊರಗೆ ಕಳಿಸಿದರು.

ವಿಷಯ ಕೋರ್ಟಿಗೆ ಹೋಯಿತು. 2013ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶ ಪ್ಯಾಟ್ರಿಕ್ ಡಗ್ಗನ್ ತೀರ್ಪು ಕೊಟ್ಟರು. ಮೇಷ್ಟ್ರು ಹುಡುಗನ ಮಾತಿನ ಹಕ್ಕನ್ನು ಮುರಿದಿದ್ದಾರೆ, ಅದಕ್ಕೆ ಹೆಸರಿಗಷ್ಟೇ ಪರಿಹಾರ, 1 ಡಾಲರ್.

ಈ ತೀರ್ಪಿನ ತಳದಲ್ಲಿ ಇರುವ ಪದವೇ ವ್ಯೂಪಾಯಿಂಟ್ ಡಿಸ್ಕ್ರಿಮಿನೇಷನ್. ಕನ್ನಡದಲ್ಲಿ ನಿಲುವಿನ ತಾರತಮ್ಯ ಅನ್ನಬಹುದು. ಆದರೆ ನಮ್ಮಲ್ಲಿ ಇದಕ್ಕಿಂತ ಚೆನ್ನಾಗಿ ಹೇಳುವ ಮಾತು ಮೊದಲೇ ಇದೆ: ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಒಂದೇ ಜಾಗ, ಒಂದೇ ವಿಷಯ, ಅದರಲ್ಲಿ ಒಂದು ಕಡೆಯವರಿಗೆ ಮಾತಾಡಲು ಬಿಟ್ಟು ಇನ್ನೊಂದು ಕಡೆಯವರ ಬಾಯಿ ಮುಚ್ಚಿಸುವುದು. ಮುಚ್ಚಿಸುವವರು ಸರ್ಕಾರ ಆಗಿದ್ದರೆ, ಅಥವಾ ಸರ್ಕಾರದ ಸಂಬಳದ ಮೇಷ್ಟ್ರು ಆಗಿದ್ದರೆ, ಮಾತಿನ ಹಕ್ಕನ್ನು ಕಾಯುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಅದಕ್ಕೆ ಅಡ್ಡ ನಿಲ್ಲುತ್ತದೆ.

ಇಲ್ಲಿ ವಿಷಯ ಮತ್ತು ನಿಲುವು ಅನ್ನೋ ಎರಡನ್ನು ಬೇರೆ ಮಾಡಿ ನೋಡಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಇವತ್ತಿನ ಪಾಠ ಬೇಡಿಕೆ ಮತ್ತು ಪೂರೈಕೆ, ಬೇರೆ ಮಾತು ಬೇಡ ಅಂತ ಮೇಷ್ಟ್ರು ಹೇಳಿದ್ದರೆ ಯಾವ ಕೋರ್ಟೂ ತಪ್ಪು ಅನ್ನುತ್ತಿರಲಿಲ್ಲ. ತರಗತಿಯಲ್ಲಿ ಯಾವ ವಿಷಯ ಮಾತಾಡಬೇಕು ಅನ್ನುವುದು ಮೇಷ್ಟ್ರ ಕೈಯಲ್ಲೇ ಇರಬೇಕು, ಇಲ್ಲದಿದ್ದರೆ ಪಾಠವೇ ನಡೆಯುವುದಿಲ್ಲ ಅಲ್ವಾ. ಆದರೆ ವಿಷಯವನ್ನು ತೆರೆದ ಮೇಲೆ, ನೀನೇನಂತೀಯಾ ಅಂತ ಕೇಳಿದ ಮೇಲೆ, ನನಗೆ ಬೇಕಾದ ಉತ್ತರ ಹೇಳಿದರೆ ಕೂತ್ಕೋ, ಬೇರೆ ಹೇಳಿದರೆ ಹೊರಗೆ ನಡಿ ಅನ್ನುವ ಹಾಗಿಲ್ಲ. ಹಾವೆಲ್‌ನಲ್ಲಿ ಆಗಿದ್ದು ಇದು. ಹುಡುಗ ಯಾರನ್ನೂ ಹೆದರಿಸಿರಲಿಲ್ಲ. ಯಾವ ಸಹಪಾಠಿಯ ಕಡೆಗೂ ಬೆರಳು ತೋರಿಸಿರಲಿಲ್ಲ. ಅವನ ಮಾತಿನಿಂದ ಪಾಠ ನಿಲ್ಲಲಿಲ್ಲ ಅಂತ ಕೋರ್ಟ್ ಕಂಡುಕೊಂಡಿತು.

ಆ ಮೇಷ್ಟ್ರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಹಿಂಸೆ ಪಡುವ ಮಕ್ಕಳ ಪರ ನಿಲ್ಲಬೇಕು ಅನ್ನೋ ಆಸೆಯಿಂದಲೇ ಅವರು ಆ ಶರ್ಟ್ ಹಾಕಿದ್ದು. ಘಟನೆಯಾದ ಮೇಲೆ ಶಾಲಾ ಆಡಳಿತ ಅವರನ್ನು ಒಂದು ದಿನ ಅಮಾನತು ಮಾಡಿತು. ಆಗ 14 ವರ್ಷದ ಒಬ್ಬ ಗೇ ಹುಡುಗ ಶಾಲಾ ಮಂಡಳಿಯ ಸಭೆಗೆ ಬಂದು ಅವರ ಪರವಾಗಿ ಮಾತಾಡಿದ. ಅವನ ಮಾತಿನ ಹಿಂದಿದ್ದ ನೋವು ನಿಜವಾದದ್ದು. ನ್ಯಾಯಾಧೀಶರು ಹೇಳಿದ ತಪ್ಪೂ ನಿಜವಾದದ್ದು. ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಈ ಪದ ಅರ್ಥವಾಗುವುದಿಲ್ಲ ಅಂತ ನನಗನ್ನಿಸುತ್ತದೆ.

ಇದರ ಬೇರು 1965ರ ಡಿಸೆಂಬರ್‌ನಲ್ಲಿದೆ. ಅಯೋವಾ ರಾಜ್ಯದ ಡಿಮೊಯಿನ್ ಊರಿನಲ್ಲಿ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧ ಬೇಡ ಅಂತ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಅವರಲ್ಲಿ ಒಬ್ಬಳು 13 ವರ್ಷದ ಮೇರಿ ಬೆತ್ ಟಿಂಕರ್. ಶಾಲೆ ಅವರನ್ನು ಮನೆಗೆ ಕಳಿಸಿತು. 1969ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 7–2ರಿಂದ ಮಕ್ಕಳ ಪರ ತೀರ್ಪು ಕೊಟ್ಟಿತು. ಶಾಲೆಯ ಗೇಟು ದಾಟಿದ ಕೂಡಲೇ ಮಕ್ಕಳ ಮಾತಿನ ಹಕ್ಕು ಕಳಚಿ ಬೀಳುವುದಿಲ್ಲ ಅನ್ನೋದು ಆ ತೀರ್ಪಿನ ಸಾರ. ಶಾಲೆ ಮಾತನ್ನು ತಡೆಯಬೇಕಾದರೆ ಎರಡರಲ್ಲಿ ಒಂದನ್ನು ತೋರಿಸಬೇಕು: ಪಾಠಕ್ಕೆ ದೊಡ್ಡ ಮಟ್ಟದ ಅಡ್ಡಿ, ಅಥವಾ ಬೇರೆ ಮಕ್ಕಳ ಹಕ್ಕಿಗೆ ಧಕ್ಕೆ. ಇದನ್ನೇ ಟಿಂಕರ್ ಪರೀಕ್ಷೆ ಅನ್ನುತ್ತಾರೆ.

ಟಿಂಕರ್ ತೀರ್ಪಿನಲ್ಲಿ ಇನ್ನೊಂದು ಸಂಗತಿ ಇದೆ, ಅದರ ಬಗ್ಗೆ ಮಾತು ಕಡಿಮೆ. ಆ ಊರಿನ ಶಾಲೆಗಳಲ್ಲಿ ಮಕ್ಕಳು ಚುನಾವಣೆಯ ಬಿಲ್ಲೆಗಳನ್ನು ಚುಚ್ಚಿಕೊಂಡು ಬರುತ್ತಿದ್ದರು. ನಾಜಿಗಳ ಗುರುತು ಅಂತ ಜನ ನೋಡುತ್ತಿದ್ದ ಐರನ್ ಕ್ರಾಸ್ ಹಾಕಿಕೊಂಡವರೂ ಇದ್ದರು. ಅದು ಯಾವುದಕ್ಕೂ ತಡೆ ಇರಲಿಲ್ಲ, ಕಪ್ಪು ಪಟ್ಟಿಗೆ ಮಾತ್ರ ಇತ್ತು. ತೀರ್ಪು ಬರೆದ ನ್ಯಾಯಮೂರ್ತಿ ಏಬ್ ಫೋರ್ಟಸ್ ಇದನ್ನು ಎತ್ತಿ ತೋರಿಸಿದರು.

ಈಗ ಒಂದು ಪ್ರಶ್ನೆ ಬರುತ್ತದೆ. ನಿಲುವಿನ ತಾರತಮ್ಯ ಬೇಡ ಅನ್ನೋದು ಧಾರ್ಮಿಕ ಮಕ್ಕಳಿಗೆ ಮಾತ್ರ ಅನುಕೂಲ ಮಾಡುವ ನಿಯಮವಾ? ಇಲ್ಲ, ಮತ್ತು ಇದನ್ನು ತೋರಿಸಲು ಫ್ಲಾರಿಡಾಗೆ ಹೋಗಬೇಕು. ಅಲ್ಲಿನ ಹೋಮ್ಸ್ ಕೌಂಟಿಯ ಪೋನ್ಸ್ ಡಿ ಲಿಯೋನ್ ಎಂಬ ಸಣ್ಣ ಊರಿನ ಹೈಸ್ಕೂಲಿನಲ್ಲಿ ಪ್ರಿನ್ಸಿಪಾಲರು ಕಾಮನಬಿಲ್ಲಿನ ಚಿತ್ರಕ್ಕೂ ಗೇ ಪ್ರೈಡ್ ಅನ್ನೋ ಬರಹಕ್ಕೂ ತಡೆ ಹಾಕಿದ್ದರು. ತನ್ನ ಗೇ ಬಂಧುವಿನ ಪರ ನಿಲ್ಲಬೇಕು ಅಂತ ಒಬ್ಬ ವಿದ್ಯಾರ್ಥಿನಿ ಕೋರ್ಟಿಗೆ ಹೋದಳು. 2008ರಲ್ಲಿ ನ್ಯಾಯಾಧೀಶ ರಿಚರ್ಡ್ ಸ್ಮೋಕ್ ಆ ಹುಡುಗಿಯ ಪರ ತೀರ್ಪು ಕೊಟ್ಟರು. ಪ್ರಿನ್ಸಿಪಾಲರ ನಂಬಿಕೆಗೆ ಒಪ್ಪದ ನಿಲುವು ಅಂತ ಮಾತನ್ನು ತಡೆಯುವ ಹಾಗಿಲ್ಲ ಅಂತ. ಹಾವೆಲ್‌ನ ಕ್ಯಾಥೊಲಿಕ್ ಹುಡುಗನನ್ನು ಕಾಪಾಡಿದ ನಿಯಮವೇ ಐದು ವರ್ಷ ಮೊದಲು ಈ ಹುಡುಗಿಯನ್ನೂ ಕಾಪಾಡಿತ್ತು. ಇದು ತಿಳಿದ ದಿನ ಈ ಪದದ ಬಗ್ಗೆ ನನ್ನ ಅಭಿಪ್ರಾಯವೇ ಬದಲಾಯಿತು.

ಹಾಗಾದರೆ ಎಲ್ಲ ಸ್ಪಷ್ಟವಾ? ಇಲ್ಲ. ಕಷ್ಟ ಬರುವುದು ಮಾತು ಒಂದು ಅಭಿಪ್ರಾಯವಾಗಿ ಉಳಿಯದೆ, ಎದುರಿಗಿರುವ ಮಗುವಿಗೆ ಚುಚ್ಚುವ ಹಾಗಾದಾಗ. ಎರಡು ಟೀ ಶರ್ಟುಗಳ ಕತೆ ಹೇಳುತ್ತೇನೆ.

ಮೊದಲನೆಯದು ಕ್ಯಾಲಿಫೋರ್ನಿಯಾದ ಪೋವೆ ಹೈಸ್ಕೂಲು, 2004ರ ಏಪ್ರಿಲ್. ಗೇ ಮಕ್ಕಳ ಪರವಾಗಿ ಕೆಲವರು ಮೌನ ದಿನ ಆಚರಿಸುತ್ತಿದ್ದರು. ಒಬ್ಬ ಹುಡುಗ ಸಲಿಂಗಕಾಮ ನಾಚಿಕೆಗೇಡು ಅಂತ ಬರೆದು, ಬೈಬಲ್ಲಿನ ರೋಮನ್ನರಿಗೆ ಬರೆದ ಪತ್ರದ 1:27ನೇ ವಚನದ ಗುರುತು ಹಾಕಿದ ಶರ್ಟ್ ತೊಟ್ಟು ಬಂದ. ಅವನನ್ನು ಅವತ್ತು ತರಗತಿಗೆ ಸೇರಿಸಲಿಲ್ಲ. 2006ರಲ್ಲಿ ಮೇಲ್ಮನವಿ ನ್ಯಾಯಾಲಯ 2–1ರಿಂದ ಶಾಲೆಯ ಪರ ನಿಂತಿತು. ಒಂದು ಅಲ್ಪಸಂಖ್ಯಾತ ಗುಂಪಿನ ಮಕ್ಕಳ ಗುರುತಿನ ಮೇಲೇ ದಾಳಿ ಮಾಡುವ ಮಾತು ಅವರ ಹಕ್ಕಿಗೆ ಧಕ್ಕೆ ತರುತ್ತದೆ ಅಂತ ನ್ಯಾಯಾಧೀಶ ಸ್ಟೀಫನ್ ರೀನ್‌ಹಾರ್ಟ್ ಬರೆದರು. ನ್ಯಾಯಾಧೀಶ ಅಲೆಕ್ಸ್ ಕೊಜಿನ್ಸ್ಕಿ ಒಪ್ಪಲಿಲ್ಲ. ಮೌನ ದಿನಕ್ಕೆ ಜಾಗ ಕೊಟ್ಟ ಶಾಲೆ ಅದರ ವಿರುದ್ಧದ ಮಾತನ್ನು ಮಾತ್ರ ಹೇಗೆ ತಡೆಯುತ್ತದೆ ಅನ್ನೋದು ಅವರ ತಕರಾರು. ಹುಡುಗ ಅಷ್ಟರಲ್ಲಿ ಶಾಲೆ ಮುಗಿಸಿದ್ದ. ಹಾಗಾಗಿ 2007ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಅಳಿಸಿ ಹಾಕಿತು, ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ.

ಎರಡನೆಯದು ಇಲಿನಾಯ್ ರಾಜ್ಯದ ನೇಪರ್ವಿಲ್. ಅಲ್ಲೂ ಮೌನ ದಿನದ ಹೊತ್ತು. ಬಿ ಹ್ಯಾಪಿ, ನಾಟ್ ಗೇ ಅಂತ ಬರೆದ ಶರ್ಟು. ಇಂಗ್ಲಿಷಿನಲ್ಲಿ ಗೇ ಅನ್ನೋ ಪದಕ್ಕೆ ಖುಷಿ ಅನ್ನೋ ಹಳೆಯ ಅರ್ಥವೂ ಇದೆ, ಆ ಸಾಲಿನ ಆಟ ಅದರ ಮೇಲೆ ನಿಂತಿದೆ. ಶಾಲೆಯವರು ನಾಟ್ ಗೇ ಅನ್ನೋ ಎರಡು ಪದಗಳ ಮೇಲೆ ಕಪ್ಪು ಮಸಿ ಬಳಿದರು. ಈ ಸಲ ಆ ಭಾಗದ ಬೇರೊಂದು ಮೇಲ್ಮನವಿ ನ್ಯಾಯಾಲಯ ವಿದ್ಯಾರ್ಥಿಗಳ ಪರ ನಿಂತಿತು. ನ್ಯಾಯಾಧೀಶ ರಿಚರ್ಡ್ ಪೋಸ್ನರ್ 2008ರಲ್ಲಿ ಬರೆದದ್ದು, ಇದು ತೀರಾ ಸಪ್ಪೆಯಾದ ಟೀಕೆ, ತನ್ನ ನಂಬಿಕೆಯನ್ನೋ ಬದುಕಿನ ರೀತಿಯನ್ನೋ ಯಾರೂ ಟೀಕಿಸಬಾರದು ಅನ್ನೋ ಕಾನೂನಿನ ಹಕ್ಕು ಯಾರಿಗೂ ಇಲ್ಲ ಅಂತ. 2011ರಲ್ಲಿ ಅದೇ ಪ್ರಕರಣ ಮತ್ತೆ ಬಂದಾಗ ಇನ್ನೂ ನೇರವಾಗಿ ಹೇಳಿದರು: ಗೇ ಮಕ್ಕಳ ಹಕ್ಕಿನ ಪರ ಮಾತಿಗೆ ಜಾಗ ಕೊಟ್ಟ ಶಾಲೆ ಅದರ ಮೇಲಿನ ಟೀಕೆಯ ಕತ್ತು ಹಿಸುಕುವ ಹಾಗಿಲ್ಲ. ಇಬ್ಬರು ವಿದ್ಯಾರ್ಥಿಗಳಿಗೆ ತಲಾ 25 ಡಾಲರ್ ಪರಿಹಾರ.

ನನ್ನನ್ನು ಕೇಳಿದರೆ ಈ ಎರಡು ಶರ್ಟುಗಳ ನಡುವೆ ವ್ಯತ್ಯಾಸ ಇದೆ. ನಾನು ಒಪ್ಪುವುದಿಲ್ಲ ಅನ್ನೋದು ಒಂದು ಮಾತು, ನಿನಗೆ ನಾಚಿಕೆಯಾಗಬೇಕು ಅನ್ನೋದು ಇನ್ನೊಂದು. ಒಪ್ಪುವುದಿಲ್ಲ ಅನ್ನೋದು ಹೇಳುವವನ ಬಗ್ಗೆ ಇದೆ. ನಾಚಿಕೆಯಾಗಬೇಕು ಅನ್ನೋದು ಕೇಳುವವನ ಎದೆಗೆ ನಾಟುತ್ತದೆ. ಆದರೆ ಈ ಗೆರೆ ಎಳೆಯುವ ಕೆಲಸವನ್ನು ಒಬ್ಬ ಪ್ರಿನ್ಸಿಪಾಲರ ಕೈಗೆ ಕೊಟ್ಟರೆ ಅವರು ತಮ್ಮ ಮನಸ್ಸಿಗೆ ಹಿಡಿಸದ ಕಡೆಯವರ ಮೇಲೇ ಎಳೆಯುತ್ತಾರೆ ಅನ್ನೋ ಭಯವೂ ನನಗಿದೆ. ಫ್ಲಾರಿಡಾದಲ್ಲಿ ಆಗಿದ್ದು ಅದೇ ಅಲ್ವಾ.

ಒಂದು ವಿಷಯದಲ್ಲಿ ಮಾತ್ರ ಯಾವ ಗೊಂದಲವೂ ಬೇಡ. ಹೊಡೆಯುವುದು, ಬೆನ್ನು ಹತ್ತಿ ಕಾಡುವುದು, ದಿನಾ ಒಂದೇ ಮಗುವನ್ನು ಹೀಯಾಳಿಸುವುದು, ಇದು ಯಾವುದೂ ನಿಲುವು ಅಲ್ಲ. ವಿಸ್ಕಾನ್ಸಿನ್ ರಾಜ್ಯದ ಆ್ಯಶ್‌ಲ್ಯಾಂಡ್‌ನಲ್ಲಿ ಗೇ ಹುಡುಗನೊಬ್ಬ ವರ್ಷಗಟ್ಟಲೆ ಸಹಪಾಠಿಗಳ ಕೈಯಲ್ಲಿ ಏಟು ತಿಂದ. ದೂರು ಕೊಟ್ಟರೂ ಶಾಲೆಯವರು ಕೇಳಲಿಲ್ಲ. 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನು ಮೊಕದ್ದಮೆ ಮುಂದುವರಿಸಬಹುದು ಅಂದಿತು. ಜ್ಯೂರಿ ಶಾಲೆಯ ಅಧಿಕಾರಿಗಳದ್ದೇ ತಪ್ಪು ಅಂದ ಮೇಲೆ 9 ಲಕ್ಷ ಡಾಲರಿಗೂ ಜಾಸ್ತಿ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಧರ್ಮದ ಹೆಸರು ಹೇಳಿಕೊಂಡು ಕಾಟ ಕೊಟ್ಟರೂ ಅದು ಕಾಟವೇ.

ಇನ್ನು ಈ ಪದದ ಜೊತೆ ಕಲಸಿಹೋಗುವ ಎರಡು ಸಂಗತಿಗಳು. ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ. ಚರ್ಚು ನಡೆಸುವ ಖಾಸಗಿ ಶಾಲೆಗೆ ಟಿಂಕರ್ ಪರೀಕ್ಷೆ ಅನ್ವಯಿಸುವುದಿಲ್ಲ. ಹಾಗೇ 2025ರ ಜೂನ್ 27ರಂದು ಬಂದ ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯ ತೀರ್ಪನ್ನು ಕೆಲವರು ಇದರ ಜೊತೆ ಸೇರಿಸುತ್ತಾರೆ. ಗೇ ಪಾತ್ರಗಳಿರುವ ಕತೆ ಪುಸ್ತಕಗಳನ್ನು ಓದಿಸುವಾಗ ತಮ್ಮ ಮಕ್ಕಳನ್ನು ಹೊರಗಿಡಲು ಬಿಡಿ ಅಂತ ಮುಸ್ಲಿಂ ಮತ್ತು ಕ್ರೈಸ್ತ ತಂದೆತಾಯಿಯರು ಕೇಳಿದ್ದರು, ಸುಪ್ರೀಂ ಕೋರ್ಟ್ 6–3ರಿಂದ ಅವರ ಕಡೆ ನಿಂತಿತು. ಅದು ಪೋಷಕರ ಧಾರ್ಮಿಕ ಸ್ವಾತಂತ್ರ್ಯದ ಪ್ರಶ್ನೆ. ಮಗು ತರಗತಿಯಲ್ಲಿ ಏನು ಹೇಳಬಹುದು ಅನ್ನೋದು ಬೇರೆ ಪ್ರಶ್ನೆ.

ನಮ್ಮ ದೇಶಕ್ಕೂ ಇದಕ್ಕೂ ಒಂದು ನಂಟು ಇದೆ, ಅದು ಕೇರಳದ ಮೂಲಕ ಬರುತ್ತದೆ. 1985ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥದ ಮೂರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಅವರ ನಂಬಿಕೆಯ ಪ್ರಕಾರ ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ತೀರ್ಪು ಕೊಟ್ಟರು. ಆ ತೀರ್ಪಿನಲ್ಲಿ ಅವರು ಅಮೆರಿಕದ 1943ರ ಬಾರ್ನೆಟ್ ಪ್ರಕರಣವನ್ನು ಎತ್ತಿಕೊಂಡಿದ್ದಾರೆ. ಅಲ್ಲೂ ಅದೇ ಪಂಥದ ಮಕ್ಕಳು, ಬಾವುಟಕ್ಕೆ ವಂದನೆ ಮಾಡಲ್ಲ ಅಂದಿದ್ದರು. ಯಾವ ಅಭಿಪ್ರಾಯ ಸರಿ ಅಂತ ಯಾವ ಅಧಿಕಾರಿಯೂ ಕಟ್ಟಳೆ ಮಾಡುವ ಹಾಗಿಲ್ಲ ಅಂತ ಬಾರ್ನೆಟ್ ಹೇಳಿತ್ತು. ಟಿಂಕರ್ ತೀರ್ಪೂ ಬಾರ್ನೆಟ್ಟಿನ ಮೇಲೇ ನಿಂತಿದೆ. ಹಾಗೆ ನೋಡಿದರೆ ಕೇರಳದ ಆ ಮಕ್ಕಳೂ ಮೇರಿ ಬೆತ್ ಟಿಂಕರ್‌ಳೂ ಒಂದೇ ಬಳ್ಳಿಯವರು.

ಅಮೆರಿಕದಲ್ಲಿ ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ಮ್ಯಾಸಚೂಸೆಟ್ಸ್‌ನ ಮಿಡಲ್‌ಬರೊದಲ್ಲಿ 2023ರಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಲಿಂಗಗಳು ಎರಡೇ ಅಂತ ಬರೆದ ಶರ್ಟ್ ಹಾಕಿಕೊಂಡು ಬಂದ. ಶಾಲೆ ತೆಗೆಯಲು ಹೇಳಿತು. ಅದೇ ಶಾಲೆಯಲ್ಲಿ ಗೇ ಸಮುದಾಯದ ಪರವಾದ ಪ್ರೈಡ್ ತಿಂಗಳ ಆಚರಣೆ ಇತ್ತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲೆಯ ಪರ ತೀರ್ಪು ಕೊಟ್ಟಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಬೇಕಿತ್ತು ಅಂತ ನ್ಯಾಯಮೂರ್ತಿಗಳಾದ ಅಲಿಟೊ ಮತ್ತು ಥಾಮಸ್ ಬರೆದಿಟ್ಟರು. ಹಾಗಾಗಿ ಇವತ್ತಿಗೆ ಇಲಿನಾಯ್‌ನಲ್ಲಿ ಓದುವ ಮಗುವಿಗೆ ಒಂದು ಗೆರೆ, ಮ್ಯಾಸಚೂಸೆಟ್ಸ್‌ನಲ್ಲಿ ಓದುವ ಮಗುವಿಗೆ ಇನ್ನೊಂದು. ಆ ಶಾಲೆಗಳಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳೂ ಓದುತ್ತಿದ್ದಾರೆ. ಮನೆಯಲ್ಲಿ ಒಂದು ನಂಬಿಕೆ, ಪಕ್ಕದ ಬೆಂಚಿನಲ್ಲಿ ಗೇ ಗೆಳೆಯ, ಕೆಲವೊಮ್ಮೆ ಆ ಗೆಳೆಯನೇ ನಮ್ಮ ಮನೆಯ ಮಗು. ಶಾಲೆಯ ನಿಯಮದ ಪುಸ್ತಕ ಕೈಗೆ ಬಂದಾಗ ಸುಮ್ನೆ ಸಹಿ ಹಾಕಬೇಡಿ. ಬಟ್ಟೆಯ ಬಗ್ಗೆ, ಮಾತಿನ ಬಗ್ಗೆ ಇರುವ ಪುಟಗಳನ್ನು ಮಗುವಿನ ಜೊತೆ ಕೂತು ಓದಿ, ಈ ಸಾಲು ಎರಡೂ ಕಡೆಯವರಿಗೆ ಒಂದೇ ಥರ ಅನ್ವಯಿಸುತ್ತದಾ ಅಂತ ಅವರನ್ನೇ ಕೇಳಿ.